ಶುರುವಾಗುವಾಗಲೇ ನಿಂತುಬಿಡುವ ಸ್ಮಾರ್ಟ್‌ಫೋನು: ಲಕ್ಷಣಗಳು, ಕಾರಣಗಳು ಮತ್ತು ಪರಿಹಾರ ಕ್ರಮಗಳು

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ತೇರಗಾಂವ ಮತ್ತು ಅದರ ಸುತ್ತಲಿನ ಹಳ್ಳಿಗಳು ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇರುವ ಪ್ರದೇಶಕ್ಕೆ ಸೇರಿವೆ. ಭತ್ತ, ಕಬ್ಬು, ಗೋವಿನಜೋಳ ಮತ್ತು ಹತ್ತಿ ಈ ತಾಲ್ಲೂಕಿನ ಮುಖ್ಯ ಬೆಳೆಗಳು. ಇಲ್ಲಿಯ ಒಕ್ಕಲುತನದ ಮನೆಗಳಲ್ಲಿ ಕುಡಗೋಲು, ಪಂಪು, ಸಿಂಪರಣಾ ಯಂತ್ರಗಳ ಸಾಲಿಗೆ ಈಗ ಸ್ಮಾರ್ಟ್‌ಫೋನೂ ಸೇರಿದೆ. 2020ರ ಮುಂಗಾರಿನಿಂದ ರೈತರು ತಮ್ಮ ಹೊಲದ ಬೆಳೆ ಸಮೀಕ್ಷೆಯನ್ನು ತಾವೇ ಫೋನಿನಲ್ಲಿ ದಾಖಲಿಸಬಹುದಾಗಿದೆ. ಪಹಣಿ ನೋಡುವುದು, ಹವಾಮಾನ ಸೂಚನೆ ಪಡೆಯುವುದು, ಬ್ಯಾಂಕಿನ ಒಟಿಪಿ ಸ್ವೀಕರಿಸುವುದು, ಕಿಸಾನ್ ಸಮ್ಮಾನ್ ಯೋಜನೆಯ ಇ-ಕೆವೈಸಿ ಮಾಡಿಸುವುದು ಮುಂತಾದ ಕೆಲಸಗಳೂ ಇದರಿಂದಲೇ ನಡೆಯುತ್ತವೆ.

ಇಂಥ ಫೋನು ಒಂದು ದಿನ ಬೆಳಿಗ್ಗೆ ಗುಂಡಿ ಒತ್ತಿದಾಗ ಕಂಪನಿಯ ಹೆಸರನ್ನು ತೋರಿಸಿ ಅಲ್ಲಿಗೇ ನಿಂತುಬಿಡುತ್ತದೆ. ಅಥವಾ ಹೆಸರು ತೋರಿಸುವುದು, ಆರುವುದು, ಮತ್ತೆ ಹೆಸರು ತೋರಿಸುವುದು ಹೀಗೆ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಕೆಲವರು ಫೋನು ಸತ್ತಿತೆಂದು ಹೊಸದನ್ನು ಕೊಳ್ಳಲು ಹೊರಡುತ್ತಾರೆ. ಇನ್ನು ಕೆಲವರು ಯಾರೋ ಹೇಳಿದ ಗುಂಡಿಗಳನ್ನು ಒತ್ತಿ, ಒಳಗಿನ ಮಾಹಿತಿಯನ್ನೆಲ್ಲ ಅಳಿಸಿಕೊಳ್ಳುತ್ತಾರೆ. ಈ ತೊಂದರೆಯ ಬಹಳಷ್ಟು ಪ್ರಸಂಗಗಳಲ್ಲಿ ಫೋನನ್ನು ಮನೆಯಲ್ಲಿಯೇ, ಖರ್ಚಿಲ್ಲದೆ ಸರಿಪಡಿಸಿಕೊಳ್ಳಲು ಸಾಧ್ಯವಿದೆ. ಅದಕ್ಕೆ ಬೇಕಾದುದು ಸ್ವಲ್ಪ ತಿಳಿವಳಿಕೆ ಮತ್ತು ಕ್ರಮ ತಪ್ಪದ ತಾಳ್ಮೆ.

ಮೊದಲು ಮಾಡಬೇಕಾದ ಕೆಲಸ

ನವೆಂಬರ್ ತಿಂಗಳಲ್ಲಿ ಭತ್ತ ಕೊಯ್ದು ಗದ್ದೆಯಲ್ಲಿ ಒಣಗಲು ಹರಡಿದಾಗ ಅಕಾಲಿಕ ಮಳೆ ಬಂದಿತೆಂದು ಇಟ್ಟುಕೊಳ್ಳೋಣ. 2016ರಲ್ಲಿ ಪ್ರಾರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮದಂತೆ, ಕೊಯ್ದು ಹರಡಿದ ಬೆಳೆಗೆ 14 ದಿನಗಳ ಒಳಗೆ ಇಂಥ ಹಾನಿಯಾದರೆ, ವಿಮೆ ಮಾಡಿಸಿದ ರೈತರು 72 ಗಂಟೆಗಳ ಒಳಗಾಗಿ ಸೂಚನೆ ಕೊಡಬೇಕು. ಅದೇ ದಿನ ಫೋನು ಶುರುವಾಗದೆ ನಿಂತರೆ, ಅದನ್ನು ಸರಿಪಡಿಸುತ್ತ ಕುಳಿತು ಈ ಅವಧಿಯನ್ನು ಕಳೆದುಕೊಳ್ಳಬಾರದು. ಫೋನಿಗಿಂತ ಮೊದಲು ಕೆಲಸವನ್ನು ಉಳಿಸಿಕೊಳ್ಳಬೇಕು.

ಇದಕ್ಕೆ ಸುಲಭವಾದ ಉಪಾಯವೆಂದರೆ ಫೋನಿನೊಳಗಿನ ಸಿಮ್ ಕಾರ್ಡನ್ನು ಹೊರತೆಗೆದು ಮನೆಯ ಬೇರೆ ಫೋನಿಗೆ ಹಾಕುವುದು. ಮೊಬೈಲ್ ಸಂಖ್ಯೆ ಇರುವುದು ಸಿಮ್ಮಿನಲ್ಲಿಯೇ ಹೊರತು ಫೋನಿನಲ್ಲಿ ಅಲ್ಲ. ಗುಂಡಿಗಳಿರುವ ಸಾದಾ ಫೋನಿಗೆ ಹಾಕಿದರೂ ಕರೆಗಳು ಮತ್ತು ಒಟಿಪಿ ಸಂದೇಶಗಳು ಬರುತ್ತವೆ. ಹಳೆಯ ಫೋನಿನ ಮನೆ ದೊಡ್ಡದಿದ್ದರೆ, ಚಿಕ್ಕ ಸಿಮ್ಮನ್ನು ಕೂಡಿಸುವ ಪ್ಲಾಸ್ಟಿಕ್ ಚೌಕಟ್ಟು ಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ. ಸಾದಾ ಫೋನು 4ಜಿ ಇಲ್ಲದ್ದಾದರೆ ಕೆಲವು ಕಂಪನಿಗಳ ಸಿಮ್ಮು ಅದರಲ್ಲಿ ಕೆಲಸ ಮಾಡುವುದಿಲ್ಲವೆಂಬುದನ್ನು ನೆನಪಿಡಬೇಕು.

ಬೆಳೆ ಹಾನಿಯ ಸೂಚನೆಯನ್ನು ಆ್ಯಪ್‌ನಿಂದಲೇ ಕೊಡಬೇಕೆಂಬ ಕಟ್ಟಳೆಯೇನೂ ಇಲ್ಲ. 14447 ಸಂಖ್ಯೆಯ ಶುಲ್ಕರಹಿತ ಸಹಾಯವಾಣಿಗೆ ಕರೆ ಮಾಡಿ, ಅಥವಾ ಬ್ಯಾಂಕು, ವಿಮಾ ಕಂಪನಿ, ಹೋಬಳಿಯ ರೈತ ಸಂಪರ್ಕ ಕೇಂದ್ರ ಇವುಗಳ ಮೂಲಕವೂ ಕೊಡಬಹುದು. ಇ-ಕೆವೈಸಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮುಗಿಸಬಹುದು. ಬೇಸಾಯದ ಸಲಹೆ ಬೇಕಾದರೆ 1800-180-1551 ಸಂಖ್ಯೆಯ ಕಿಸಾನ್ ಕಾಲ್ ಸೆಂಟರಿಗೆ ಯಾವ ಫೋನಿನಿಂದಾದರೂ ಕರೆ ಮಾಡಬಹುದು. ಹೀಗೆ ಅವಸರದ ಕೆಲಸ ತೀರಿಸಿಕೊಂಡ ಮೇಲೆ ನಿಂತ ಫೋನಿನ ಕಡೆಗೆ ಲಕ್ಷ್ಯ ಕೊಡುವುದು ಒಳ್ಳೆಯದು.

ಫೋನು ಶುರುವಾಗುವ ಬಗೆ

ರೋಗದ ಹತೋಟಿಗೆ ಬೆಳೆಯ ಬೆಳವಣಿಗೆಯ ಹಂತಗಳು ತಿಳಿದಿರಬೇಕಾದಂತೆ, ಈ ತೊಂದರೆಯ ಪರಿಹಾರಕ್ಕೆ ಫೋನು ಶುರುವಾಗುವ ಹಂತಗಳು ತಿಳಿದಿರಬೇಕು. ಪವರ್ ಗುಂಡಿ ಒತ್ತಿದೊಡನೆ ಫೋನು ಪೂರ್ತಿ ಎಚ್ಚರಗೊಳ್ಳುವುದಿಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ.

ಮೊದಲನೆಯದಾಗಿ, ಬ್ಯಾಟರಿಯಿಂದ ವಿದ್ಯುತ್ತು ಹರಿದು ಮುಖ್ಯ ಚಿಪ್ಪು ಜೀವ ತಾಳುತ್ತದೆ. ಅದರಲ್ಲಿ ಕಾರ್ಖಾನೆಯಲ್ಲಿಯೇ ಕೆತ್ತಿದ, ಅಳಿಸಲಾಗದ ಒಂದು ಚಿಕ್ಕ ಸೂಚನೆ ಇರುತ್ತದೆ. ಎರಡನೆಯದಾಗಿ, ಆ ಸೂಚನೆಯು ಬೂಟ್‌ಲೋಡರ್ ಎಂಬ ಕಾರ್ಯಕ್ರಮವನ್ನು ಎಬ್ಬಿಸುತ್ತದೆ. ಕಂಪನಿಯ ಹೆಸರು ಪರದೆಯ ಮೇಲೆ ಕಾಣುವುದು ಈ ಹಂತದಲ್ಲಿ. ಮೂರನೆಯದಾಗಿ, ಬೂಟ್‌ಲೋಡರು ಕರ್ನೆಲ್ ಎಂಬ ತಿರುಳನ್ನು ತರುತ್ತದೆ. ಪರದೆ, ಸ್ಮೃತಿಕೋಶ, ಸ್ಪರ್ಶ ಮುಂತಾದ ಅಂಗಗಳೊಡನೆ ಮಾತನಾಡುವುದು ಇದೇ. ನಾಲ್ಕನೆಯದಾಗಿ, ಆಂಡ್ರಾಯ್ಡ್ ವ್ಯವಸ್ಥೆ ಮೇಲೇಳುತ್ತದೆ. ಆಗ ಚಲಿಸುವ ಚಿತ್ರ ಅಥವಾ ಚುಕ್ಕೆಗಳು ಕಾಣುತ್ತವೆ. ಕೊನೆಯದಾಗಿ ಬೀಗದ ಪರದೆ ಬರುತ್ತದೆ, ಪಿನ್ ಹಾಕಿದ ನಂತರ ಆ್ಯಪ್‌ಗಳು ಒಂದೊಂದಾಗಿ ಏಳುತ್ತವೆ.

ಬಾವಿಯ ಪಂಪನ್ನು ನೆನಪಿಗೆ ತಂದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಕರೆಂಟು ಬಂದರೂ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದ್ದರೆ ಮೋಟರು ತಿರುಗುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ. ಮೋಟರನ್ನು ಬಿಚ್ಚಿದರೆ ಅಲ್ಲಿ ದೋಷ ಸಿಗುವುದಿಲ್ಲ. ಹಾಗೆಯೇ ಫೋನು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಗುರುತಿಸಿದರೆ ದೋಷ ಎಲ್ಲಿರಬಹುದೆಂಬ ಅಂದಾಜು ಸಿಗುತ್ತದೆ.

ಲಕ್ಷಣಗಳು

ಫೋನನ್ನು ಮುಟ್ಟುವ ಮೊದಲು ಎರಡು ಮೂರು ಸಲ ಶುರುಮಾಡಿ, ಅದರ ವರ್ತನೆಯನ್ನು ಗಮನವಿಟ್ಟು ನೋಡಬೇಕು.

(ಅ) ಕಂಪನಿಯ ಹೆಸರು ಕಾಣಿಸಿ ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುವುದು, ಚಾರ್ಜರಿಗೆ ಹಚ್ಚಿದಾಗ ಮತ್ತೆ ಹಾಗೆಯೇ ಆಗುವುದು: ಬ್ಯಾಟರಿ ತೀರಾ ಬಡವಾಗಿದೆ, ಇಲ್ಲವೆ ಕೆಟ್ಟಿದೆ.

(ಆ) ಹೆಸರು ಕಾಣಿಸಿ ಅಲ್ಲಿಯೇ ಗಂಟೆಗಟ್ಟಲೆ ನಿಲ್ಲುವುದು: ಮೂಲ ಕಾರ್ಯಕ್ರಮ ಹಾಳಾಗಿರಬಹುದು, ಅಥವಾ ಒಳಗಿನ ಚಿಪ್ಪಿನ ದೋಷವಿರಬಹುದು.

(ಇ) ಚಲಿಸುವ ಚಿತ್ರ ನಿಲ್ಲದೆ ಸುತ್ತುವುದು: ಅಪ್‌ಡೇಟ್ ಅರ್ಧಕ್ಕೆ ನಿಂತಿರಬಹುದು, ಅಥವಾ ಒಳಗೆ ಜಾಗ ತುಂಬಿರಬಹುದು.

(ಈ) ಬೀಗದ ಪರದೆ ಬಂದು ಕೂಡಲೆ ಮತ್ತೆ ಮೊದಲಿನಿಂದ ಶುರುವಾಗುವುದು: ಯಾವುದೋ ಆ್ಯಪ್ ಅಥವಾ ಸೆಟ್ಟಿಂಗ್ ತೊಡಕಾಗಿದೆ.

(ಉ) ಫಾಸ್ಟ್‌ಬೂಟ್ ಎಂಬ ಬರಹ ಅಥವಾ ಅಪರಿಚಿತ ಪಟ್ಟಿ ಕಾಣುವುದು: ಧ್ವನಿಯ ಗುಂಡಿ ಮಣ್ಣು ಅಥವಾ ಜಿಡ್ಡಿನಿಂದ ಒಳಗೆ ಸಿಕ್ಕಿಕೊಂಡಿರಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೊಡ್ಡ ಅಪ್‌ಡೇಟ್ ಆದ ನಂತರ ಮೊದಲ ಸಲ ಶುರುವಾಗುವಾಗ ಫೋನು ಸಹಜವಾಗಿಯೇ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅದನ್ನು ದೋಷವೆಂದು ತಿಳಿದು ನಡುವೆ ಆರಿಸಬಾರದು. ಅರ್ಧ ಗಂಟೆಯವರೆಗೆ ಚಾರ್ಜರಿನಲ್ಲಿಟ್ಟು ಕಾಯಬೇಕು.

ಕಾರಣಗಳು

1. ಜಾಗ ತುಂಬಿರುವುದು: ಶುಭೋದಯದ ಚಿತ್ರಗಳು, ಮದುವೆಯ ವಿಡಿಯೋಗಳು ಮುಂತಾದುವು ತಾವಾಗಿಯೇ ಇಳಿದುಕೊಂಡು ಫೋನನ್ನು ತುಂಬುತ್ತವೆ. ಫೋನಿಗೆ ಏಳುವಾಗ ತಾತ್ಕಾಲಿಕ ಕಡತಗಳನ್ನು ಬರೆದುಕೊಳ್ಳಲು ಸ್ವಲ್ಪ ಖಾಲಿ ಜಾಗ ಬೇಕು. ಕಣದಲ್ಲಿ ರಾಶಿ ಅಂಚಿನವರೆಗೂ ತುಂಬಿದ್ದರೆ ತೂರಲು ನಿಲ್ಲಲು ಸ್ಥಳವಿರುವುದಿಲ್ಲ. ಇದೂ ಹಾಗೆಯೇ. ಕಡಿಮೆ ಬೆಲೆಯ ಫೋನುಗಳಲ್ಲಿ ಬಹುಶಃ ಇದೇ ಹೆಚ್ಚಾಗಿ ಕಾಡುವ ಕಾರಣ.

2. ಅಪ್‌ಡೇಟ್ ಅರ್ಧಕ್ಕೆ ನಿಲ್ಲುವುದು: ಅಪ್‌ಡೇಟ್ ನಡೆಯುತ್ತಿರುವಾಗ ಬ್ಯಾಟರಿ ಮುಗಿದರೆ ಕಡತಗಳು ಅಪೂರ್ಣವಾಗಿ ಉಳಿಯುತ್ತವೆ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ವ್ಯವಸ್ಥೆಯ ಎರಡು ಪ್ರತಿಗಳನ್ನು ಇಟ್ಟುಕೊಳ್ಳುವ ಪದ್ಧತಿ ಬಂದಿದೆ. ಹೊಸದು ಏಳದಿದ್ದರೆ ಫೋನು ಹಳೆಯದಕ್ಕೆ ಹಿಂತಿರುಗುತ್ತದೆ. ಆದರೆ ಎಲ್ಲ ಫೋನುಗಳಲ್ಲಿಯೂ ಈ ಸೌಲಭ್ಯ ಇಲ್ಲ.

3. ಅಪ್‌ಡೇಟಿನಲ್ಲಿಯೇ ದೋಷವಿರುವುದು: ಇದರಲ್ಲಿ ಬಳಸುವವರ ತಪ್ಪು ಇರುವುದಿಲ್ಲ. 2024ರ ಅಕ್ಟೋಬರ್ ತಿಂಗಳಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಗ್ಯಾಲಕ್ಸಿ ಎಸ್ 10, ನೋಟ್ 10 ಮುಂತಾದ ಹಳೆಯ ಮಾದರಿಯ ಅನೇಕ ಫೋನುಗಳು ಒಂದು ಅಪ್‌ಡೇಟ್ ಬಂದ ಮೇಲೆ ಹೀಗೆ ಸುತ್ತತೊಡಗಿದವು. ಮಾಹಿತಿಯ ನಕಲು ಇಟ್ಟುಕೊಂಡಿರದವರಿಗೆ ಹೆಚ್ಚಿನ ನಷ್ಟವಾಯಿತು.

4. ಒಂದೇ ಒಂದು ಕಡತದ ತೊಡಕು: 2020ರಲ್ಲಿ ನಡೆದ ಒಂದು ಪ್ರಸಂಗ ಬೋಧಪ್ರದವಾಗಿದೆ. ಅಮೆರಿಕದ ಮೊಂಟಾನಾ ರಾಜ್ಯದ ಒಂದು ಸರೋವರದ ಸುಂದರ ಚಿತ್ರವನ್ನು ಪರದೆಯ ಹಿನ್ನೆಲೆಯಾಗಿ ಹಾಕಿಕೊಂಡ ಆಂಡ್ರಾಯ್ಡ್ 10ರ ಕೆಲವು ಫೋನುಗಳು ಕೂಡಲೆ ಸುತ್ತಿಗೆ ಬಿದ್ದವು. ಅದರಲ್ಲಿ ವೈರಸ್ಸೇನೂ ಇರಲಿಲ್ಲ. ಫೋನು ಚಿತ್ರದ ಪ್ರತಿಯೊಂದು ಚುಕ್ಕೆಯ ಬೆಳಕನ್ನು 0ಯಿಂದ 255ರವರೆಗಿನ 256 ಖಾನೆಗಳಲ್ಲಿ ಹಂಚಿ ಎಣಿಸುತ್ತದೆ. ಆ ಚಿತ್ರವನ್ನು ವಿಶೇಷ ಬಣ್ಣದ ಪದ್ಧತಿಯಲ್ಲಿ ಉಳಿಸಿದ್ದರಿಂದ ಒಂದು ಚುಕ್ಕೆಯ ಲೆಕ್ಕ 255ನ್ನು ಮೀರಿತು. ಇಲ್ಲದ ಖಾನೆಗೆ ಹಾಕಲು ಹೋಗಿ ಪರದೆಯ ಕಾರ್ಯಕ್ರಮ ಮುರಿದುಬಿತ್ತು. ಫೋನು ಮತ್ತೆ ಎದ್ದಾಗ ಅದೇ ಚಿತ್ರವನ್ನೇ ಓದಬೇಕಾದುದರಿಂದ ಮತ್ತೆ ಮತ್ತೆ ಬಿದ್ದಿತು. ಈ ದೋಷವನ್ನು ಮುಂದೆ ಸರಿಪಡಿಸಲಾಯಿತು. ಹೊಸದಾಗಿ ಹಾಕಿದ ಒಂದು ಚಿತ್ರ ಅಥವಾ ಆ್ಯಪ್ ಕೂಡ ಇಡೀ ಫೋನನ್ನು ನಿಲ್ಲಿಸಬಲ್ಲುದೆಂಬುದು ಇದರಿಂದ ಗೊತ್ತಾಗುತ್ತದೆ. ಆದುದರಿಂದ ತೊಂದರೆ ಬರುವ ಮುಂಚಿನ ದಿನ ಏನು ಮಾಡಲಾಯಿತೆಂಬುದನ್ನು ನೆನಪಿಸಿಕೊಳ್ಳುವುದು ಅತ್ಯಗತ್ಯ.

5. ನೀರು, ಬೆವರು ಮತ್ತು ಧೂಳು: ಹಳಿಯಾಳ, ಜೋಯಿಡಾ, ದಾಂಡೇಲಿ ಕಡೆಯ ಮಳೆಗಾಲದಲ್ಲಿ ಗಾಳಿಯೇ ಹಸಿಯಾಗಿರುತ್ತದೆ. ನಾಟಿಯ ಗದ್ದೆಯಲ್ಲಿ ಅಂಗಿಯ ಕಿಸೆಯಲ್ಲಿಟ್ಟ ಫೋನಿಗೆ ನೀರು, ಬೆವರು ಎರಡೂ ತಗಲುತ್ತವೆ. ಸಿಂಪರಣೆ ಮಾಡುವಾಗ ಔಷಧದ ತುಂತುರು, ಗೊಬ್ಬರ ಎರಚುವಾಗ ಯೂರಿಯಾದ ಪುಡಿ ಚಾರ್ಜಿಂಗ್ ತೂತಿನಲ್ಲಿ ಸೇರುತ್ತವೆ. ಉಪ್ಪಿನ ಗುಣವಿರುವ ತೇವ ಲೋಹವನ್ನು ತಿನ್ನುತ್ತದೆ.

6. ಬ್ಯಾಟರಿಯ ದೌರ್ಬಲ್ಯ: ಹಳೆಯ ಬ್ಯಾಟರಿ ಶೇಕಡಾ 30 ಚಾರ್ಜ್ ಇದೆಯೆಂದು ತೋರಿಸಿದರೂ, ಫೋನು ಏಳುವಾಗ ಒಮ್ಮೆಲೆ ಬೇಕಾಗುವ ಹೆಚ್ಚಿನ ವಿದ್ಯುತ್ತನ್ನು ಕೊಡಲಾರದು. ಟ್ರ್ಯಾಕ್ಟರಿನ ಮೇಲೆ ಬಿಸಿಲಿಗೆ ಇಟ್ಟ ಫೋನಿನ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

7. ಒಳಗಿನ ಭಾಗಗಳ ದೋಷ: 2015ರಲ್ಲಿ ಮಾರುಕಟ್ಟೆಗೆ ಬಂದ ಎಲ್‌ಜಿ ಜಿ 4 ಎಂಬ ಫೋನಿನಲ್ಲಿ ಈ ತೊಂದರೆ ವ್ಯಾಪಕವಾಗಿ ಕಂಡುಬಂದಿತು. ಒಳಗಿನ ಬಿಡಿಭಾಗಗಳ ಸಂಪರ್ಕ ಸಡಿಲವಾಗಿರುವುದೇ ಇದಕ್ಕೆ ಕಾರಣವೆಂದು ಕಂಪನಿಯು 2016ರ ಜನವರಿಯಲ್ಲಿ ಒಪ್ಪಿಕೊಂಡಿತು. ಇಂಥ ದೋಷಕ್ಕೆ ಮನೆಯಲ್ಲಿ ಪರಿಹಾರವಿಲ್ಲ.

ಪರಿಹಾರ ಕ್ರಮಗಳು

ಕೆಳಗಿನ ಕ್ರಮಗಳನ್ನು ಕೊಟ್ಟಿರುವ ಅನುಕ್ರಮದಲ್ಲಿಯೇ ಕೈಕೊಳ್ಳಬೇಕು. ಮೊದಲಿನ ಐದರಿಂದ ಮಾಹಿತಿಗೆ ಧಕ್ಕೆಯಿಲ್ಲ. ಆರನೆಯದು ಎಲ್ಲವನ್ನೂ ಅಳಿಸುವಂಥದು.

ಮೊದಲನೆಯ ಕ್ರಮ - ಪರೀಕ್ಷೆ ಮತ್ತು ಶುಚಿ: ಫೋನಿನ ಕವಚ ತೆಗೆಯಬೇಕು. ಹಿಂಭಾಗ ಉಬ್ಬಿದ್ದರೆ ಅಥವಾ ಪರದೆ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆಯೆಂದು ತಿಳಿಯಬೇಕು. ಅಂಥ ಫೋನನ್ನು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಬೆಂಕಿ ಹತ್ತುವ ಅಪಾಯವಿದೆ. ಉಬ್ಬು ಇಲ್ಲದಿದ್ದರೆ ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ಹೊರತೆಗೆದು, ಪಕ್ಕದ ಗುಂಡಿಗಳು ಸಲೀಸಾಗಿ ಒಳಹೋಗಿ ಹೊರಬರುತ್ತವೆಯೇ ನೋಡಿ, ಒಣ ಬಟ್ಟೆಯಿಂದ ಒರೆಸಬೇಕು. ಕೆಟ್ಟ ಮೆಮೊರಿ ಕಾರ್ಡೂ ಫೋನನ್ನು ತಡೆಯಬಲ್ಲುದು.

ಎರಡನೆಯ ಕ್ರಮ - ಚಾರ್ಜ್ ಮಾಡುವುದು: ಸರಿಯಾದ ಚಾರ್ಜರು ಮತ್ತು ಸರಿಯಿದೆಯೆಂದು ಗೊತ್ತಿರುವ ತಂತಿಯಿಂದ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಚಾರ್ಜ್ ಮಾಡಬೇಕು. ಈ ಅವಧಿಯಲ್ಲಿ ಗುಂಡಿ ಒತ್ತುತ್ತಿರಬಾರದು. ವೋಲ್ಟೇಜು ಏರಿಳಿಯುವ ಹೊತ್ತನ್ನು ತಪ್ಪಿಸುವುದು ಒಳ್ಳೆಯದು.

ಮೂರನೆಯ ಕ್ರಮ - ಒತ್ತಾಯದಿಂದ ಮರುಶುರು ಮಾಡುವುದು: ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿಯನ್ನು 10ರಿಂದ 30 ಸೆಕೆಂಡು ಬಿಡದೆ ಒತ್ತಿ ಹಿಡಿದರೆ ಫೋನು ಆರಿ ಹೊಸದಾಗಿ ಶುರುವಾಗುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಪವರ್ ಗುಂಡಿ ಮತ್ತು ಧ್ವನಿ ತಗ್ಗಿಸುವ ಗುಂಡಿ ಎರಡನ್ನೂ ಕೂಡಿಯೇ ಹಿಡಿಯಬೇಕು. ಫಾಸ್ಟ್‌ಬೂಟ್ ಪರದೆಯಲ್ಲಿ ನಿಂತ ಫೋನೂ ಸಾಮಾನ್ಯವಾಗಿ ಇದರಿಂದಲೇ ಹೊರಬರುತ್ತದೆ. ಐಫೋನಾದರೆ ಧ್ವನಿ ಏರಿಸುವ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು, ತಗ್ಗಿಸುವ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು, ಅನಂತರ ಪಕ್ಕದ ಗುಂಡಿಯನ್ನು ಸೇಬಿನ ಗುರುತು ಕಾಣುವವರೆಗೆ ಹಿಡಿಯಬೇಕು. ಐಫೋನ್ 8 ಮತ್ತು ನಂತರದ ಮಾದರಿಗಳಿಗೆ ಇದು ಅನ್ವಯಿಸುತ್ತದೆ.

ನಾಲ್ಕನೆಯ ಕ್ರಮ - ಸೇಫ್ ಮೋಡ್: ಇದು ಫೋನನ್ನು ಅದರ ಮೂಲ ಆ್ಯಪ್‌ಗಳೊಡನೆ ಮಾತ್ರ ಎಬ್ಬಿಸುವ ವಿಧಾನ. ಬಳಸುವವರು ಹಾಕಿಕೊಂಡ ಆ್ಯಪ್‌ಗಳು ಆಗ ನಿದ್ರಿಸುತ್ತಿರುತ್ತವೆ. ಕಂಪನಿಯ ಹೆಸರು ಕಂಡೊಡನೆ ಧ್ವನಿ ತಗ್ಗಿಸುವ ಗುಂಡಿಯನ್ನು ಒತ್ತಿ, ಪರದೆ ಪೂರ್ತಿ ಬರುವವರೆಗೆ ಹಿಡಿದಿರಬೇಕು. ಕೆಳಮೂಲೆಯಲ್ಲಿ ಸೇಫ್ ಮೋಡ್ ಎಂದು ಕಂಡರೆ ಕ್ರಮ ಫಲಿಸಿತೆಂದು ತಿಳಿಯಬೇಕು. ಮೊಟ್ಟಮೊದಲು ಮುಖ್ಯವಾದ ಚಿತ್ರಗಳನ್ನೂ ದಾಖಲೆಗಳನ್ನೂ ನಕಲು ಮಾಡಿಕೊಳ್ಳಬೇಕು. ಅನಂತರ ಕೊನೆಯಲ್ಲಿ ಹಾಕಿದ ಆ್ಯಪ್‌ನ್ನು ತೆಗೆದು, ಬೇಡವಾದ ವಿಡಿಯೋಗಳನ್ನು ಅಳಿಸಿ, ಫೋನನ್ನು ಎಂದಿನಂತೆ ಮರುಶುರು ಮಾಡಬೇಕು. ದೋಷ ಹೋಗದಿದ್ದರೆ ಅದರ ಹಿಂದಿನ ಆ್ಯಪ್‌ನ್ನು ತೆಗೆಯಬೇಕು.

ಐದನೆಯ ಕ್ರಮ - ರಿಕವರಿ ಪಟ್ಟಿ: ಸೇಫ್ ಮೋಡ್‌ಗೂ ಬಾರದ ಫೋನನ್ನು ಆರಿಸಿ, ಪವರ್ ಗುಂಡಿ ಮತ್ತು ಧ್ವನಿ ಏರಿಸುವ ಗುಂಡಿಗಳನ್ನು ಒಟ್ಟಿಗೆ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಒಂದು ಪಟ್ಟಿ ಕಾಣುತ್ತದೆ. ಕೆಲವು ಹೊಸ ಸ್ಯಾಮ್‌ಸಂಗ್ ಫೋನುಗಳನ್ನು ಇದಕ್ಕಾಗಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿರಬೇಕಾಗುತ್ತದೆ. ಬಿದ್ದ ಗೊಂಬೆಯ ಚಿತ್ರದೊಡನೆ ನೋ ಕಮಾಂಡ್ ಎಂದು ಬಂದರೆ ಪವರ್ ಗುಂಡಿ ಹಿಡಿದುಕೊಂಡೇ ಧ್ವನಿ ಏರಿಸುವ ಗುಂಡಿಯನ್ನು ಒಮ್ಮೆ ಒತ್ತಬೇಕು. ಪಟ್ಟಿಯಲ್ಲಿ ಧ್ವನಿಯ ಗುಂಡಿಗಳಿಂದ ಮೇಲೆ ಕೆಳಗೆ ಹೋಗಿ, ಪವರ್ ಗುಂಡಿಯಿಂದ ಆರಿಸಬೇಕು.

ಮೊದಲು ರೀಬೂಟ್ ಸಿಸ್ಟಮ್ ನೌ ಎಂಬುದನ್ನು ಆರಿಸಿ ನೋಡಬೇಕು. ಆಗದಿದ್ದರೆ ವೈಪ್ ಕ್ಯಾಶ್ ಪಾರ್ಟಿಷನ್ ಎಂಬುದು ಪಟ್ಟಿಯಲ್ಲಿದ್ದರೆ ಅದನ್ನು ಆರಿಸಬೇಕು. ಇದು ತಾತ್ಕಾಲಿಕ ಕಡತಗಳನ್ನು ಮಾತ್ರ ಅಳಿಸುತ್ತದೆ. ಚಿತ್ರಗಳು, ಸಂಖ್ಯೆಗಳು ಉಳಿಯುತ್ತವೆ. ಹೊಸ ಫೋನುಗಳಲ್ಲಿ ಈ ಸಾಲು ಇಲ್ಲದಿರುವುದೂ ಉಂಟು. ಹತ್ತಿರವೇ ಇರುವ ವೈಪ್ ಡೇಟಾ ಎಂಬ ಸಾಲನ್ನು ತಪ್ಪಿಯೂ ಒತ್ತಬಾರದು. ಎರಡೂ ವೈಪ್ ಎಂದೇ ಪ್ರಾರಂಭವಾಗುವುದರಿಂದ ಪೂರ್ತಿ ಓದಿಯೇ ಗುಂಡಿ ಒತ್ತಬೇಕು.

ಫೋನು ಹಲವು ಸಲ ಬಿದ್ದಾಗ ತಾನಾಗಿಯೇ ಒಂದು ಪರದೆ ತೋರಿಸಿ, ಆಂಡ್ರಾಯ್ಡ್ ವ್ಯವಸ್ಥೆ ಏಳುತ್ತಿಲ್ಲ, ಮಾಹಿತಿ ಕೆಟ್ಟಿರಬಹುದು ಎಂಬ ಅರ್ಥದ ಇಂಗ್ಲಿಷ್ ಸೂಚನೆ ಕೊಡುವುದುಂಟು. ಅದರ ಕೆಳಗೆ ಟ್ರೈ ಅಗೇನ್ ಮತ್ತು ಫ್ಯಾಕ್ಟರಿ ಡೇಟಾ ರಿಸೆಟ್ ಎಂಬ ಎರಡು ಸಾಲುಗಳಿರುತ್ತವೆ. ಇಲ್ಲಿ ಟ್ರೈ ಅಗೇನ್ ಎಂಬುದನ್ನೇ ಎರಡು ಮೂರು ಸಲ ಆರಿಸಿ ನೋಡಬೇಕು. ಭಾಷೆ ಅರ್ಥವಾಗದೆ ಎರಡನೆಯದನ್ನು ಒತ್ತಿದವರು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಆರನೆಯ ಕ್ರಮ - ಫ್ಯಾಕ್ಟರಿ ರಿಸೆಟ್: ಇದು ಕೊನೆಯ ಉಪಾಯ. ಹೊಲವನ್ನು ಸುಟ್ಟು ಹೊಸದಾಗಿ ಉತ್ತಂತೆ. ಕಳೆಯೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ಫೋನಿನೊಳಗಿನ ಚಿತ್ರ, ಸಂದೇಶ, ಸಂಖ್ಯೆ, ಆ್ಯಪ್ ಎಲ್ಲವೂ ಅಳಿಯುತ್ತವೆ. ಗೂಗಲ್ ಖಾತೆಯಲ್ಲಿ ಉಳಿಸಿದ ಸಂಖ್ಯೆಗಳು ಮತ್ತು ನಕಲು ಇಟ್ಟ ಚಿತ್ರಗಳು ಮಾತ್ರ ಮರಳಿ ಬರುತ್ತವೆ. ಇದಲ್ಲದೆ, ಹೀಗೆ ರಿಸೆಟ್ ಮಾಡಿದ ಮೇಲೆ ಫೋನು ಮೊದಲಿದ್ದ ಗೂಗಲ್ ಖಾತೆ ಮತ್ತು ಅದರ ಗುಪ್ತಪದವನ್ನು ಕೇಳುತ್ತದೆ. ಕಳವು ತಡೆಯಲು ಈ ಏರ್ಪಾಟಿದೆ. ಫೋನು ಕೊಂಡಾಗ ಅಂಗಡಿಯವರೋ ಮಗನ ಗೆಳೆಯರೋ ತೆರೆದುಕೊಟ್ಟ ಖಾತೆಯ ಹೆಸರೇ ಗೊತ್ತಿಲ್ಲದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆದುದರಿಂದ ಖಾತೆಯ ವಿವರ ಕೈಯಲ್ಲಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಈ ಕ್ರಮಕ್ಕೆ ಕೈಹಾಕಬೇಕು.

ಬೆಳೆ ಸಮೀಕ್ಷೆಯ ಮಾಹಿತಿಯ ಬಗ್ಗೆ ಇಲ್ಲಿ ವಿಶೇಷ ಎಚ್ಚರ ಬೇಕು. ನೆಟ್‌ವರ್ಕ್ ಸಿಗದ ಹೊಲದಲ್ಲಿ ತೆಗೆದ ಚಿತ್ರ ಮತ್ತು ವಿವರಗಳು ಅಪ್‌ಲೋಡ್ ಆಗುವವರೆಗೆ ಫೋನಿನಲ್ಲಿ ಮಾತ್ರ ಇರುತ್ತವೆ. ರಿಸೆಟ್ ಆದರೆ ಅವೂ ಹೋಗುತ್ತವೆ. ಹಾಗಾದಲ್ಲಿ ಸಮೀಕ್ಷೆಯ ಅವಧಿ ಮುಗಿಯುವುದರೊಳಗೆ ಮತ್ತೊಮ್ಮೆ ಹೊಲಕ್ಕೆ ಹೋಗಿ ದಾಖಲಿಸಬೇಕು, ಅಥವಾ ಗ್ರಾಮದ ಸಮೀಕ್ಷೆಗೆ ನೇಮಕವಾದವರಿಗೆ ತಿಳಿಸಬೇಕು.

ನೀರಿಗೆ ಬಿದ್ದ ಫೋನು

ಗದ್ದೆಯ ಕೆಸರಿಗೆ ಅಥವಾ ಕಾಲುವೆಗೆ ಬಿದ್ದ ಫೋನನ್ನು ಶುರುಮಾಡಿ ನೋಡುವುದೇ ದೊಡ್ಡ ತಪ್ಪು. ಕೂಡಲೆ ಆರಿಸಿ, ಸಿಮ್ ತೆಗೆದು, ಚಾರ್ಜಿಂಗ್ ತೂತು ಕೆಳಮುಖವಾಗಿರುವಂತೆ ಹಿಡಿದು ಮೆಲ್ಲಗೆ ತಟ್ಟಿ ನೀರಿಳಿಸಬೇಕು. ಗಾಳಿಯಾಡುವ ನೆರಳಿನಲ್ಲಿ, ಅನುಕೂಲವಿದ್ದರೆ ಫ್ಯಾನಿನ ಕೆಳಗೆ, ಒಂದೆರಡು ದಿನ ಒಣಗಿಸಬೇಕು. ಒಲೆಯ ಹತ್ತಿರ, ಬಿಸಿಲಿನಲ್ಲಿ ಅಥವಾ ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಬಾರದು. ಅಕ್ಕಿಯ ಡಬ್ಬಿಯಲ್ಲಿ ಹೂಳುವ ರೂಢಿ ಭತ್ತ ಬೆಳೆಯುವ ನಾಡಿನಲ್ಲಿ ಸುಲಭವಾಗಿ ಹಬ್ಬಿದೆ. ಆದರೆ ಅಕ್ಕಿಯ ನುಚ್ಚು ಮತ್ತು ಹುಡಿ ತೂತಿನೊಳಗೆ ಸೇರಿ ಕೆಡುಕು ಮಾಡಬಹುದು, ಆದುದರಿಂದ ಈ ರೂಢಿಯನ್ನು ಬಿಡುವುದೇ ಲೇಸು.

ದುರಸ್ತಿಗೆ ಕೊಡುವಾಗ

ಮೇಲಿನ ಕ್ರಮಗಳಿಂದ ಫಲ ಸಿಗದಿದ್ದರೆ, ಬ್ಯಾಟರಿ ಉಬ್ಬಿದ್ದರೆ ಅಥವಾ ನೀರು ಒಳಹೊಕ್ಕಿದ್ದರೆ ದುರಸ್ತಿಗೆ ಒಯ್ಯಬೇಕು. ವಾರಂಟಿ ಅವಧಿಯೊಳಗಿದ್ದರೆ ಬೇರೆ ಕಡೆ ಬಿಚ್ಚಿಸದೆ, ರಸೀದಿಯೊಡನೆ ಕಂಪನಿಯ ಅಧಿಕೃತ ಕೇಂದ್ರಕ್ಕೇ ಕೊಡಬೇಕು. ಸಿಮ್ ಮತ್ತು ಮೆಮೊರಿ ಕಾರ್ಡನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ಮಾಹಿತಿ ಉಳಿಯುವುದೋ ಅಳಿಯುವುದೋ ಎಂಬುದನ್ನೂ, ಖರ್ಚಿನ ಅಂದಾಜನ್ನೂ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಸಾಫ್ಟ್‌ವೇರ್ ಹಾಕಿಕೊಡುತ್ತೇವೆ ಎಂದರೆ ಬಹುತೇಕ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದೆಂದೇ ಅರ್ಥ. ಈಗಿನ ಫೋನುಗಳಲ್ಲಿ ಮಾಹಿತಿಯು ಗೂಢಲಿಪಿಯಲ್ಲಿರುವುದರಿಂದ, ಏಳದ ಫೋನಿನಿಂದ ಚಿತ್ರಗಳನ್ನು ಹೊರತೆಗೆಯುವುದು ನುರಿತವರಿಗೂ ಕಷ್ಟ.

ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಗುರುತು ಮಾಡಿಕೊಂಡಿರಬೇಕು. ಇದು ಪೆಟ್ಟಿಗೆಯ ಮೇಲೆ ಇರುತ್ತದೆ. ಫೋನು ಸರಿಯಿದ್ದಾಗ *#06# ಒತ್ತಿದರೂ ಕಾಣುತ್ತದೆ. ಕಂಪನಿಯ ಸಹಾಯವಾಣಿಯೆಂದು ಹೇಳಿಕೊಂಡು ಯಾರಾದರೂ ಒಟಿಪಿ ಅಥವಾ ಪಿನ್ ಕೇಳಿದರೆ ಕೊಡಬಾರದು. ಮೋಸಹೋಗಿ ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಮುಂಜಾಗ್ರತಾ ಕ್ರಮಗಳು

ಬೀಜೋಪಚಾರಕ್ಕೆ ತಗಲುವ ಖರ್ಚು ರೋಗ ಬಂದ ಮೇಲಿನ ಸಿಂಪರಣೆಗಿಂತ ಕಡಿಮೆ. ಫೋನಿನ ವಿಷಯದಲ್ಲಿಯೂ ಈ ಕೆಳಗಿನವುಗಳನ್ನು ರೂಢಿಸಿಕೊಳ್ಳಬೇಕು.

1. ಫೋನಿನ ಒಟ್ಟು ಜಾಗದಲ್ಲಿ ಶೇಕಡಾ 10ರಿಂದ 15ರಷ್ಟನ್ನು ಯಾವಾಗಲೂ ಖಾಲಿ ಇಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ, ವಿಡಿಯೋಗಳು ತಾವಾಗಿ ಇಳಿಯದಂತೆ ಸೆಟ್ಟಿಂಗ್ ಮಾಡಬೇಕು.

2. ಪಹಣಿ, ವಿಮೆಯ ರಸೀದಿ, ಬ್ಯಾಂಕ್ ಪುಸ್ತಕ ಇವುಗಳ ಚಿತ್ರಗಳನ್ನು ಫೋನಿನಲ್ಲಷ್ಟೇ ಇಡದೆ ಗೂಗಲ್ ಖಾತೆಯಲ್ಲಿ ನಕಲು ಇಡಬೇಕು. ಪ್ರತಿ ಖಾತೆಗೆ 15 ಜಿಬಿ ಜಾಗ ಉಚಿತವಾಗಿ ದೊರೆಯುತ್ತದೆ. ಅತಿ ಮುಖ್ಯವಾದುವನ್ನು ಕಾಗದದ ಮೇಲೂ ಇಟ್ಟುಕೊಳ್ಳಬೇಕು.

3. ದೂರವಾಣಿ ಸಂಖ್ಯೆಗಳನ್ನು ಉಳಿಸುವಾಗ ಫೋನು ಎಂಬುದರ ಬದಲು ಗೂಗಲ್ ಖಾತೆ ಎಂಬುದನ್ನು ಆರಿಸಬೇಕು. ಹತ್ತಿಪ್ಪತ್ತು ಮುಖ್ಯ ಸಂಖ್ಯೆಗಳನ್ನು ಲೆಕ್ಕದ ವಹಿಯಲ್ಲಿ ಬರೆದಿಡಬೇಕು.

4. ಗೂಗಲ್ ಖಾತೆಯ ಹೆಸರು ಮತ್ತು ಗುಪ್ತಪದವನ್ನು ಮನೆಯ ಕಾಗದಪತ್ರಗಳೊಡನೆ ಭದ್ರವಾಗಿ ಇಡಬೇಕು. ಫೋನಿನ ಕವಚದ ಹಿಂದೆ ಅಂಟಿಸಬಾರದು.

5. ಅಪ್‌ಡೇಟ್ ಹಾಕುವಾಗ ಬ್ಯಾಟರಿ ಶೇಕಡಾ 50ಕ್ಕಿಂತ ಹೆಚ್ಚಿರಬೇಕು ಮತ್ತು ಫೋನು ಚಾರ್ಜರಿಗೆ ಹಚ್ಚಿರಬೇಕು. ಸಮೀಕ್ಷೆ, ಕೊಯ್ಲು, ಹಣ ಪಾವತಿಯ ಅವಸರದ ದಿನಗಳಲ್ಲಿ ದೊಡ್ಡ ಅಪ್‌ಡೇಟ್‌ಗಳನ್ನು ಒಂದೆರಡು ದಿನ ಮುಂದೂಡಬಹುದು. ಆದರೆ ಸುರಕ್ಷತೆಯ ಅಪ್‌ಡೇಟ್‌ಗಳನ್ನು ಶಾಶ್ವತವಾಗಿ ನಿಲ್ಲಿಸಬಾರದು.

6. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ, ವಿಶೇಷವಾಗಿ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಎಂಬ ಕಡತಗಳಿಂದ ಆ್ಯಪ್ ಹಾಕಿಕೊಳ್ಳಬಾರದು. ಕಿಸಾನ್ ಯೋಜನೆಗಳ ಹೆಸರಿನಲ್ಲಿ ಬರುವ ಇಂಥ ಕಡತಗಳಿಂದ ಫೋನೂ ಕೆಡುತ್ತದೆ, ಬ್ಯಾಂಕಿನ ಹಣವೂ ಹೋಗುತ್ತದೆ.

7. ಸಿಂಪರಣೆ ಮತ್ತು ನಾಟಿಯ ವೇಳೆ ಫೋನನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬದುವಿನ ಮೇಲೆ ನೆರಳಿನಲ್ಲಿಡಬೇಕು.

8. ವಾರಕ್ಕೊಮ್ಮೆ ಫೋನನ್ನು ಪೂರ್ತಿ ಆರಿಸಿ ಶುರುಮಾಡಬೇಕು. ಇದರಿಂದ ಸಣ್ಣಪುಟ್ಟ ತೊಡಕುಗಳು ನಿವಾರಣೆಯಾಗುತ್ತವೆ. ದೋಷ ಬೆಳೆಯುತ್ತಿದ್ದರೆ ಬಿಡುವಿನ ದಿನದಲ್ಲಿಯೇ ಗೊತ್ತಾಗುತ್ತದೆ. ಹೀಗೆ ಶುರುವಾದಾಗ ಬೆರಳಚ್ಚು ಸಾಲದೆ ಪಿನ್ ಬೇಕಾಗುವುದರಿಂದ ಅದನ್ನು ಮರೆಯದಿರುವುದೂ ಅವಶ್ಯ.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆ ಮತ್ತು ರೈತರ ತರಬೇತಿಗಳಲ್ಲಿ ಆ್ಯಪ್‌ಗಳ ಬಳಕೆಯನ್ನು ತಿಳಿಸುವುದರ ಜೊತೆಗೆ, ಒಂದು ಹಳೆಯ ಫೋನನ್ನು ಇಟ್ಟುಕೊಂಡು ಒತ್ತಾಯದ ಮರುಶುರು, ಸೇಫ್ ಮೋಡ್ ಮತ್ತು ಮಾಹಿತಿಯ ನಕಲು ಇಡುವುದನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸುವುದು ಉಪಯುಕ್ತ. ತೇರಗಾಂವದಂಥ ಊರುಗಳಲ್ಲಿ ಪ್ರತಿ ಓಣಿಗೆ ಒಬ್ಬಿಬ್ಬರು ಯುವಕ ಯುವತಿಯರು ಇದನ್ನು ಕಲಿತರೂ, ಸಮೀಕ್ಷೆಯ ಮತ್ತು ವಿಮೆಯ ಗಡುವಿನ ದಿನಗಳಲ್ಲಿ ನೆರೆಯವರಿಗೆ ದೊಡ್ಡ ಸಹಾಯವಾಗುತ್ತದೆ.

ಫೋನು ನಿಂತಾಗ ಸಿಮ್ ತೆಗೆದು ಕೆಲಸ ಉಳಿಸಿಕೊಳ್ಳುವುದು, ಚಾರ್ಜ್ ಮಾಡುವುದು, ಮರುಶುರು ಮಾಡುವುದು, ಸೇಫ್ ಮೋಡ್ ನೋಡುವುದು, ಅಳಿಸುವ ಗುಂಡಿಯನ್ನು ಕೊನೆಗೆ ಇಡುವುದು - ಈ ಕ್ರಮವನ್ನು ರೈತ ಬಾಂಧವರು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಹಚ್ಚಿಕೊಂಡರೆ, ಅವಸರದ ಹೊತ್ತಿನಲ್ಲಿ ಅನಾವಶ್ಯಕ ಖರ್ಚು ಮತ್ತು ನಷ್ಟ ಎರಡನ್ನೂ ತಪ್ಪಿಸಬಹುದು.